ಅಂಕವೂ ನೆಲವೂ

ಒಬ್ಬನು ಗಳಿಸಿದ ಅಂಕವನ್ನು ಕಾಣುವುದು ಸುಲಭ. ಅವನು ಅದನ್ನು ಯಾವ ನೆಲದ ಮೇಲೆ ನಿಂತು ಗಳಿಸಿದನೆಂಬುದನ್ನು ಕಾಣುವುದು ಕಷ್ಟ. ಈ ಮಾತನ್ನು ವಿಶದಪಡಿಸುವುದಕ್ಕಾಗಿ ಈ ಸಲ ನಾವು ಕಾವ್ಯಶಾಸ್ತ್ರಗಳನ್ನು ಬದಿಗಿಟ್ಟು ಒಂದು ಕ್ರಿಕೆಟ್ ಪಂದ್ಯವನ್ನು ಆರಿಸಿಕೊಂಡಿದ್ದೇವೆ. ವಾಚಕರು ಮನ್ನಿಸಬೇಕು.

1987ನೆಯ ಇಸವಿ ಮಾರ್ಚ್ 13ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಐದನೆಯ ಟೆಸ್ಟ್ ಪಂದ್ಯವು ಮೊದಲಾಯಿತು. ಹಿಂದಿನ ನಾಲ್ಕೂ ಪಂದ್ಯಗಳು ಸೋಲುಗೆಲುವಿಲ್ಲದೆ ಮುಗಿದಿದ್ದುವು. ಆದುದರಿಂದ ಸರಣಿಯ ಜಯಾಪಜಯಗಳು ಇದೊಂದನ್ನೇ ಅವಲಂಬಿಸಿದ್ದುವು. ಪಿಚ್ಚು ಮೊದಲ ದಿನದಿಂದಲೇ ಚೆಂಡನ್ನು ತಿರುಗಿಸತೊಡಗಿತು. ನಮ್ಮ ನರಿಕೊಂಬಿನಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲಿ ತೆಂಗಿನ ಮಡಲಿನ ದಿಂಡನ್ನೇ ದಾಂಡು ಮಾಡಿಕೊಂಡು ಆಡುವ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿರುಕಿನ ಮೇಲೆ ಬಿದ್ದ ಚೆಂಡು ಒಮ್ಮೆ ಪಾದದ ಬಳಿ ನುಸುಳುವುದು, ಇನ್ನೊಮ್ಮೆ ಗಲ್ಲದವರೆಗೆ ನೆಗೆಯುವುದು.

ಪಾಕಿಸ್ತಾನವು 116 ಓಟಗಳಿಗೆ ಕುಸಿಯಿತು. ಮಣಿಂದರ್ ಸಿಂಗರು 27 ಓಟಗಳನ್ನು ಕೊಟ್ಟು 7 ವಿಕೆಟ್ಟುಗಳನ್ನು ತೆಗೆದರು. ಭಾರತವು ಗಳಿಸಿದ್ದು 145. ಎರಡನೆಯ ಸಲ ಪಾಕಿಸ್ತಾನವು 249 ಓಟಗಳನ್ನು ಕೂಡಿಹಾಕಲು, ಭಾರತಕ್ಕೆ ಗೆಲ್ಲಲು 221 ಬೇಕಾಯಿತು. ಬೇರೆ ನೆಲದಲ್ಲಿ ಇದು ದೊಡ್ಡ ಮೊತ್ತವಲ್ಲ. ಆ ನೆಲದಲ್ಲಿ ಪರ್ವತವೇ ಸರಿ. ಇಡೀ ಪಂದ್ಯದಲ್ಲಿ ಐವತ್ತನ್ನು ಮುಟ್ಟಿದವರು ಇಬ್ಬರೇ: ಮೊದಲ ಇನ್ನಿಂಗ್ಸಿನಲ್ಲಿ ಸರಿಯಾಗಿ 50 ಗಳಿಸಿದ ವೆಂಗಸರ್ಕರರು, ಎರಡನೆಯದರಲ್ಲಿ ಸುನಿಲ್ ಗಾವಸ್ಕರರು.

ಗಾವಸ್ಕರರಿಗೆ ಆಗ 37 ವರ್ಷ. ಅದು ಅವರ ಕೊನೆಯ ಟೆಸ್ಟ್ ಪಂದ್ಯ. ಇಕ್ಬಾಲ್ ಖಾಸಿಂ, ತೌಸೀಫ್ ಅಹಮದ್ ಎಂಬ ಇಬ್ಬರು ಸ್ಪಿನ್ ಬೌಲರುಗಳನ್ನು ಅವರು ಐದು ಗಂಟೆಗಳಿಗೂ ಮಿಕ್ಕಿ ಎದುರಿಸಿ ನಿಂತರು. ಅವರ ಅಂಕವು 96 ಆಗಿದ್ದಾಗ ಖಾಸಿಮರ ಚೆಂಡೊಂದು ನೆಗೆದು ಸ್ಲಿಪ್ಪಿನಲ್ಲಿದ್ದವರ ಕೈಸೇರಿತು. ಬಳಿಕ ನಮ್ಮ ಬೆಂಗಳೂರಿನ ರೋಜರ್ ಬಿನ್ನಿಯವರು ಹೋರಾಡಿದರೂ ಭಾರತವು 204ಕ್ಕೆ ನಿಂತಿತು. ಪಾಕಿಸ್ತಾನಕ್ಕೆ 16 ಓಟಗಳ ಜಯ. ಭಾರತದ ನೆಲದಲ್ಲಿ ಅದರ ಮೊತ್ತಮೊದಲ ಸರಣಿವಿಜಯ.

ಗಾವಸ್ಕರರು ಟೆಸ್ಟ್ ಪಂದ್ಯಗಳಲ್ಲಿ 34 ಶತಕಗಳನ್ನು ಬಾರಿಸಿದವರು. ಆದರೂ ಶತಕವಾಗದ, ಗೆಲುವನ್ನೂ ತಾರದ ಈ 96ನ್ನು ಅವರ ಶ್ರೇಷ್ಠ ಆಟಗಳಲ್ಲಿ ಒಂದೆಂದು ಬಲ್ಲವರು ಇಂದಿಗೂ ಕೊಂಡಾಡುತ್ತಾರೆ. ಕಾರಣವಿಷ್ಟೆ: ಅವರು ಅಂಕವನ್ನು ನೆಲದೊಡನೆ ಕೂಡಿಸಿ ಓದುತ್ತಾರೆ.

ಮನೆಗಳಲ್ಲಿ ನಾವು ಹಾಗೆ ಓದುತ್ತೇವೆಯೆ? ಪರೀಕ್ಷೆಯ ಫಲಿತಾಂಶ ಬಂದ ದಿನ, 96 ತಂದ ಮಗುವನ್ನು ಉಳಿದ ನಾಲ್ಕು ಎಲ್ಲಿ ಹೋಯಿತೆಂದು ಕೇಳುವ ತಂದೆಗಳನ್ನು ನಾವು ಶಾಲೆಯ ಜಗಲಿಯಲ್ಲಿ ಎಷ್ಟೋ ಸಲ ಕಂಡಿದ್ದೇವೆ. ಸಂಜೆಯೆಲ್ಲಾ ತಾಯಿಯೊಡನೆ ಬೀಡಿ ಕಟ್ಟಿ, ಮನೆಮಂದಿ ಮಲಗಿದ ಮೇಲೆ ಪುಸ್ತಕ ತೆರೆದು 58 ತಂದ ಹುಡುಗಿಯರಿಗೂ ಪಾಠ ಹೇಳಿದ್ದೇವೆ. ಪಕ್ಕದ ಮನೆಯ 90ರ ಮುಂದೆ ಆ 58ನ್ನಿಟ್ಟು ಹಳಿಯುವುದು ನ್ಯಾಯವಲ್ಲ.

ಹಾಗೆಂದು ಸೋಲನ್ನು ಗೆಲುವೆಂದು ಮಗುವಿಗೆ ಹೇಳತಕ್ಕದ್ದೂ ಅಲ್ಲ. ಹದಿನಾರು ಓಟಗಳ ಕೊರತೆ ಕೊರತೆಯೇ. ಗಾವಸ್ಕರರ 96 ಅದನ್ನು ತುಂಬಲಿಲ್ಲ. ಆದರೆ ಕೊರತೆಯನ್ನು ಎಣಿಸುವ ಮೊದಲು ಶ್ರಮವನ್ನು ಎಣಿಸಬೇಕು. ಮುಂದಿನ ಸಲ ಅಂಕಪಟ್ಟಿ ಕೈಗೆ ಬಂದಾಗ, ಗೃಹಸ್ಥರು ‘ಎಷ್ಟು ಬಂತು?’ ಎನ್ನುವ ಮುಂಚೆ ‘ಯಾವುದು ಕಷ್ಟವಾಯಿತು, ಮಗೂ?’ ಎಂದು ಕೇಳಿ ನೋಡಲಿ. ಮಗು ನಿಂತಿದ್ದ ನೆಲವು ಅದರ ಉತ್ತರದಲ್ಲಿ ತಿಳಿದುಬರುವುದು.