ನೆನಪಿನ ವಾದ್ಯಕ್ಕೆ ಗಾಜಿನ ಪೆಟ್ಟಿಗೆ ಬೇಡ

ದುರಂತದ ನೆನಪಿಗೆ ಏನು ಮಾಡಬೇಕು ಎಂದು ಕೇಳಿದರೆ ನಮ್ಮಲ್ಲಿ ಉತ್ತರ ಅಡಿಗಳ ಲೆಕ್ಕದಲ್ಲೇ ಬರುತ್ತದೆ. ಬೀದರ ಜಿಲ್ಲೆಯ ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮಕ್ಕೆ 1948ರ ಮೇ ತಿಂಗಳಲ್ಲಿ ಹೈದರಾಬಾದ್ ನಿಜಾಮನ ಪರವಾಗಿದ್ದ ರಜಾಕಾರರು ನುಗ್ಗಿ ಕೈಗೆ ಸಿಕ್ಕವರನ್ನು ಕೊಂದರು. ಸತ್ತವರು ಇನ್ನೂರಕ್ಕೂ ಹೆಚ್ಚು ಎಂಬುದು ಊರವರು ಹೇಳುತ್ತ ಬಂದ ಲೆಕ್ಕ. ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂಬ ಹೆಸರೂ ಆ ಊರಿಗೆ ಅಂಟಿದೆ. 2023ರ ಮಾರ್ಚ್ 26ರಂದು ಅಲ್ಲಿ ಹುತಾತ್ಮರ ಸ್ಮಾರಕದ ಉದ್ಘಾಟನೆಯಾಯಿತು. ಸರ್ದಾರ್ ಪಟೇಲರ ಪ್ರತಿಮೆ ಎದ್ದು ನಿಂತಿತು, 103 ಅಡಿ ಎತ್ತರದಲ್ಲಿ ತ್ರಿವರ್ಣ ಧ್ವಜ ಹಾರಿತು. ಕಲ್ಲು, ಲೋಹ, ಬಟ್ಟೆ ಎಲ್ಲವೂ ಕಣ್ಣಿಗೆ. ಕಿವಿಯ ಪಾಲಿಗೆ ಉಳಿದದ್ದು ಉದ್ಘಾಟನೆಯ ದಿನದ ಮೈಕು.

ಜಗತ್ತಿನ ಬೇರೆ ಕಡೆ ಇನ್ನೊಂದು ದಾರಿಯೂ ಇದೆ. ಸತ್ತವರ ನೆನಪಿಗೆ ವಾದ್ಯ ಮಾಡಿಸುವುದು, ಇಲ್ಲವೇ ಅವರ ವಾದ್ಯವನ್ನೇ ಸ್ಮಾರಕವಾಗಿ ಕಾಯ್ದುಕೊಳ್ಳುವುದು. ಇದು ಸಭ್ಯವೋ, ಸಾವನ್ನು ಸೊಗಸು ಮಾಡುವ ಶೋಕಿಯೋ ಎಂಬ ತಕರಾರು ಹಳೆಯದು. ಒಂದೇ ಮಾತಿನಲ್ಲಿ ತೀರ್ಪು ಕೊಡುವಂಥದ್ದಲ್ಲ, ವಾದ್ಯದಿಂದ ವಾದ್ಯಕ್ಕೆ ಉತ್ತರ ಬೇರೆಯಾಗುತ್ತದೆ.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಮುಳುಗುವಾಗ ವಾದ್ಯ ನುಡಿಸುತ್ತಲೇ ಇದ್ದ ತಂಡದ ಮುಖ್ಯಸ್ಥ ವಾಲೇಸ್ ಹಾರ್ಟ್ಲಿ. ಮದುವೆಯಾಗಬೇಕಿದ್ದ ಹುಡುಗಿ ಅವನಿಗೆ ಕೊಟ್ಟಿದ್ದ ಪಿಟೀಲು 2013ರಲ್ಲಿ ಇಂಗ್ಲೆಂಡಿನಲ್ಲಿ ಹರಾಜಾಯಿತು. ಕೂಗಿದ ಬೆಲೆ ಒಂಬತ್ತು ಲಕ್ಷ ಪೌಂಡ್. ಸಮುದ್ರದ ನೀರಿಗೆ ಬಿರುಕುಬಿಟ್ಟ ಆ ಪಿಟೀಲನ್ನು ನುಡಿಸುವಂತಿಲ್ಲ. ಕೊಂಡವರ ಕೈಗೆ ಬಂದದ್ದು ಒಂದು ಸಾವಿನ ಸಾಮಾನು, ಅಷ್ಟೆ. ಇದರಲ್ಲಿ ಗೌರವಕ್ಕಿಂತ ಸಂಗ್ರಹದ ಚಟವೇ ಹೆಚ್ಚು ಎಂದರೆ ತಪ್ಪಾಗದು.

ಇಟಲಿಯ ಮಿಲಾನ್ ಬಳಿಯ ಒಪೆರಾ ಜೈಲಿನ ಕತೆ ಇದಕ್ಕೆ ತೀರ ಉಲ್ಟಾ. ಆಫ್ರಿಕಾದಿಂದ ಸಮುದ್ರ ದಾಟಿ ಬರುವ ವಲಸಿಗರು ಲ್ಯಾಂಪೆಡೂಸಾ ದ್ವೀಪದಲ್ಲಿ ಬಿಟ್ಟುಹೋದ ಮುರುಕು ದೋಣಿಗಳ ಹಲಗೆಗಳನ್ನು ಜೈಲಿಗೆ ತರಿಸಿ, ಕೈದಿಗಳಿಂದಲೇ ಪಿಟೀಲು, ಚೆಲ್ಲೋ ಮಾಡಿಸಿದರು. ಅದಕ್ಕೆ ‘ಸಮುದ್ರದ ವಾದ್ಯವೃಂದ’ ಎಂದು ಹೆಸರಿಟ್ಟರು. 2024ರ ಫೆಬ್ರುವರಿಯಲ್ಲಿ ಅವು ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ನುಡಿದವು. ದೋಣಿಯ ಬಣ್ಣವನ್ನು ಕೆರೆದು ಹಾಕದೆ ಹಾಗೇ ಬಿಟ್ಟಿದ್ದರು. ಆ ಕಟ್ಟಿಗೆಗೆ ಮುಳುಗಿದವರ ಸಂಬಂಧ ನೇರವಾದದ್ದು, ಮಾಡಿದ ಕೈಗಳಿಗೂ ಬಂಧನದ ಸಂಕಟ ಗೊತ್ತಿತ್ತು. ಮುಖ್ಯವಾಗಿ, ಅವು ನುಡಿಯುತ್ತವೆ.

ಬೆಲ್ಜಿಯಂನ ಈಪ್ರ್ ಪಟ್ಟಣದ ಮೆನಿನ್ ದ್ವಾರದಲ್ಲಂತೂ ಸ್ಮಾರಕ ವಾದ್ಯ ಎಂಬ ಹೆಸರೂ ಬೇಕಾಗಿಲ್ಲ. ಮೊದಲ ಮಹಾಯುದ್ಧದಲ್ಲಿ ಸತ್ತು ಗೋರಿಯೂ ಸಿಗದವರ ಹೆಸರುಗಳು ಆ ಗೋಡೆಯ ಮೇಲಿವೆ, ಭಾರತದ ಸಿಪಾಯಿಗಳ ಹೆಸರುಗಳೂ ಇವೆ. 1928ರಿಂದ ದಿನಾ ರಾತ್ರಿ ಎಂಟಕ್ಕೆ ಅಲ್ಲಿ ಬ್ಯೂಗಲ್ ಊದುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಊರು ಹಿಡಿದಿದ್ದ ವರ್ಷಗಳಷ್ಟೇ ಅದು ನಿಂತದ್ದು. ಊದುವವರು ಊರಿನ ಅಗ್ನಿಶಾಮಕ ದಳದವರು. ನಮ್ಮಲ್ಲೂ ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನ ಜಿಲ್ಲಾ ಕೇಂದ್ರದ ಕವಾಯತು ಮೈದಾನದಲ್ಲಿ ಬ್ಯೂಗಲ್ ಊದುತ್ತಾರಲ್ಲ, ಅದರ ಮೇಲೆ ಯಾರ ಹೆಸರನ್ನೂ ಕೆತ್ತಿರುವುದಿಲ್ಲ. ಆದರೂ 1959ರಲ್ಲಿ ಲಡಾಖಿನಲ್ಲಿ ಸತ್ತ ಹತ್ತು ಪೊಲೀಸರಿಗೆ ಅಷ್ಟು ಹೊತ್ತು ಜಿಲ್ಲೆಯೆಲ್ಲ ತಲೆಬಾಗಿರುತ್ತದೆ.

ಬಸವಕಲ್ಯಾಣ, ಹುಮನಾಬಾದಿನವರಿಗೆ ಇದು ಹೊಸ ಪಾಠವೇನೂ ಅಲ್ಲ. ಸತ್ತವರ ಮುಂದೆ ಮೌನವಾಗಿ ನಿಲ್ಲುವ ಪದ್ಧತಿ 1919ರ ಆಚೀಚೆ ಬ್ರಿಟಿಷರ ಆಚರಣೆಯಾಗಿ ಹಬ್ಬಿ ನಮ್ಮ ಶಾಲೆ, ಕಚೇರಿಗಳಿಗೆ ಬಂದದ್ದು. ಜನವರಿ 30ರ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಕೂರುತ್ತಾರೆ. ಆದರೆ ಹಳ್ಳಿಯ ದುಃಖಕ್ಕೆ ದನಿ ಇದೆ. ಹೆಂಗಸರು ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುತ್ತಾರೆ. ರಾತ್ರಿಯೆಲ್ಲ ಭಜನಿ ನಡೆಯುತ್ತದೆ. ಏಕತಾರಿ, ತಾಳ, ದಮ್ಮಡಿ, ಇದ್ದರೆ ಒಂದು ಹಾರ್ಮೋನಿಯಂ. ಬೆಳಗಾದರೆ ಹೆಣದ ಮುಂದೆ ಹಲಗಿ. ಸಾವಿನ ಮನೆಯಲ್ಲಿ ವಾದ್ಯವೇ ಎಂದು ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ವಾದ್ಯ ಬರದಿದ್ದರೆ ಕೇಳುತ್ತಾರೆ, ಯಾಕೆ ಬರಲಿಲ್ಲ ಎಂದು.

ಮೊಹರಂ ನೋಡಿ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನ್ ಮತ್ತು ಅವರ ಸಂಗಡಿಗರು ಸತ್ತದ್ದು ಇಲ್ಲಿಂದ ಸಾವಿರಾರು ಮೈಲಿ ದೂರದ ಮರುಭೂಮಿಯಲ್ಲಿ. ಆ ಸಾವನ್ನು ಕಲ್ಯಾಣ ಕರ್ನಾಟಕದ ಹಳ್ಳಿಗಳು ಹಲಗಿ, ತಾಸೆಗಳ ಮೇಲೆ ಇಂದಿಗೂ ಹೊತ್ತಿವೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಅಲಾಯಿ ಕುಣಿ ತೋಡುತ್ತಾರೆ, ಪಂಜಾ ಎಬ್ಬಿಸುತ್ತಾರೆ, ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುತ್ತಾರೆ, ಅದೂ ಕನ್ನಡದಲ್ಲಿ. ಶೋಕದ ದಿನ ವಾದ್ಯ ಬಡಿದು ಕುಣಿಯುವುದು ಸರಿಯಲ್ಲ ಎಂದು ಮುಸ್ಲಿಂ ಧರ್ಮಪಂಡಿತರಲ್ಲಿ ಅನೇಕರು ಆಕ್ಷೇಪ ಎತ್ತುತ್ತ ಬಂದಿದ್ದಾರೆ. ಅವರ ಧರ್ಮದ ಕಟ್ಟಳೆಯ ಬಗ್ಗೆ ಹೊರಗಿನವರು ತೀರ್ಪು ಕೊಡುವಂತಿಲ್ಲ. ಆದರೆ ಒಂದು ಮಾತು ನಿಜ. ಹಲಗಿ ಇರದಿದ್ದರೆ ಹುಸೇನರ ಹೆಸರು ಈ ಭಾಗದ ಕುರುಬರ, ಕಬ್ಬಲಿಗರ, ಲಿಂಗಾಯತರ ಓಣಿಗಳಿಗೆ ಬರುತ್ತಲೇ ಇರಲಿಲ್ಲ.

ಹಲಗಿ ನುಡಿಯಬೇಕಾದರೆ ಮೊದಲು ಬೆಂಕಿ ಬೇಕು. ತಂಪಿಗೆ ಸಡಿಲಾದ ಚರ್ಮ ದಬದಬ ಎನ್ನುತ್ತದೆಯೇ ಹೊರತು ಮಾತಾಡುವುದಿಲ್ಲ. ಒಣಹುಲ್ಲು, ಕಡ್ಡಿ, ರದ್ದಿ ಕಾಗದ ಗುಡ್ಡೆ ಹಾಕಿ ಉರಿ ಮಾಡಿ, ಅದರ ಮೇಲೆ ಹಲಗಿಯನ್ನು ಸುತ್ತಲೂ ತಿರುಗಿಸುತ್ತ ಕಾಯಿಸುತ್ತಾರೆ. ನಡುನಡುವೆ ಬೆರಳಿನಿಂದ ಮೀಟಿ ಹದ ನೋಡುತ್ತಾರೆ. ಹೆಚ್ಚು ಕಾಯ್ದರೆ ಚರ್ಮ ಹರಿಯುತ್ತದೆ. ಹದ ಬಂದ ಮೇಲೆ ಒಂದು ಕೈಯ ಉದ್ದನೆಯ ತೆಳು ಕಡ್ಡಿಗೆ ಒಂದು ದನಿ, ಇನ್ನೊಂದು ಕೈಯ ಗಿಡ್ಡ ಕೋಲಿಗೆ ಇನ್ನೊಂದು ದನಿ. ಅರ್ಧ ತಾಸು ಬಡಿದರೆ ಮತ್ತೆ ಬೆಂಕಿಗೆ ಹೋಗಬೇಕು. ಈಚೆಗೆ ಪ್ಲಾಸ್ಟಿಕ್ ಹಾಳೆಯ ಹಲಗಿ ಬಂದಿದೆ. ಕಾಯಿಸುವ ಗೋಜಿಲ್ಲ, ದನಿಯೂ ಅಷ್ಟಕ್ಕಷ್ಟೆ.

ಈ ಬೆಂಕಿಯ ಮುಂದೆ ಕೂರುವವರು ಯಾರು ಎಂಬ ಪ್ರಶ್ನೆಯನ್ನು ಹಾರಿಸಿ ಹೋಗುವಂತಿಲ್ಲ. ಹಲಗಿಯನ್ನು ಒಂದು ಜಾತಿಯ ತಲೆಗೆ ಕಟ್ಟಿ, ಊರಲ್ಲಿ ಯಾರು ಸತ್ತರೂ ಬಂದು ಬಡಿಯಬೇಕೆಂಬ ಬಿಟ್ಟಿ ಚಾಕರಿಯನ್ನು ತಲೆತಲಾಂತರ ಮಾಡಿಸಿದ್ದಾರೆ. ಆ ಅವಮಾನ ಸಾಕೆಂದು ಎಷ್ಟೋ ದಲಿತ ಕುಟುಂಬಗಳು ಹಲಗಿಯನ್ನು ಕೆಳಗಿಟ್ಟಿವೆ, ಅದು ನ್ಯಾಯವೇ. ಜಾನಪದ ಉಳಿಯಲಿ ಎಂದು ವೇದಿಕೆಯಿಂದ ಕರೆ ಕೊಡುವವರು ಒಮ್ಮೆ ಕೋಲು ಹಿಡಿದು ಹೆಣದ ಮುಂದೆ ಮೂರು ಮೈಲಿ ನಡೆದು ನೋಡಲಿ.

ಜಾತಿಯ ಇದೇ ಮಾತು 12ನೇ ಶತಮಾನದ ಕಲ್ಯಾಣಕ್ಕೂ, ಅಂದರೆ ಇಂದಿನ ಬಸವಕಲ್ಯಾಣಕ್ಕೂ ಹೋಗಿ ಮುಟ್ಟುತ್ತದೆ. ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸರ ಮನೆಗಳ ನಡುವೆ ನಡೆದ ಮದುವೆಗೆ ಬಿಜ್ಜಳನ ಆಳಿಕೆ ಕೊಟ್ಟ ಶಿಕ್ಷೆ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ. ಅಲ್ಲಿಂದ ಶರಣರು ಚದುರಿದರು, ಒಂದು ದಂಡು ಚನ್ನಬಸವಣ್ಣನೊಂದಿಗೆ ಉಳವಿಯ ಕಡೆ ನಡೆಯಿತು. ಆ ಶರಣರ ನಡುವೆ ಕಿನ್ನರಿ ನುಡಿಸುತ್ತಿದ್ದ ಬೊಮ್ಮಯ್ಯನಿದ್ದ, ಢಕ್ಕೆ ಬಾರಿಸಿ ಹೊಟ್ಟೆ ಹೊರೆಯುತ್ತಿದ್ದ ಢಕ್ಕೆಯ ಬೊಮ್ಮಣ್ಣನಿದ್ದ. ವಾದ್ಯದ ಹೆಸರೇ ಮನುಷ್ಯನ ಹೆಸರಿನ ಮುಂದೆ ನಿಂತ ಕಾಲ ಅದು. ಎಂಟುನೂರು ವರ್ಷದ ಮೇಲೆ ಮಲ್ಲಿಕಾರ್ಜುನ ಮನ್ಸೂರರು, ಬಸವರಾಜ ರಾಜಗುರುಗಳು ತಂಬೂರಿಯ ಶ್ರುತಿಗೆ ವಚನ ಹಾಡಿದಾಗ ಆ ಶರಣರ ಮಾತು ಓದು ಬಾರದವರ ಕಿವಿಗೂ ಬಿತ್ತು. ಲಂಕೇಶರ ‘ಸಂಕ್ರಾಂತಿ’ಯಿಂದ ಕಾರ್ನಾಡರ ‘ತಲೆದಂಡ’ದವರೆಗೆ ನಾಟಕಗಳು ಕಲ್ಯಾಣದ ರಕ್ತಪಾತವನ್ನು ಓದುಗರ, ಪ್ರೇಕ್ಷಕರ ಮುಂದಿಟ್ಟವು ನಿಜ. ಆದರೆ ಹೊಲಕ್ಕೆ ಹೋಗುವವಳ ಬಾಯಲ್ಲಿ ಉಳಿದದ್ದು ಹಾಡೇ.

ಹಾಡು ತಾನೇ ತಾನಾಗಿ ಉಳಿಯುವುದಿಲ್ಲ, ಅದಕ್ಕೊಂದು ವ್ಯವಸ್ಥೆ ಬೇಕು. ಹುಮನಾಬಾದಿಗೆ ಅಂಟಿಕೊಂಡ ಮಾಣಿಕನಗರದಲ್ಲಿ ಅದು ಕಾಣುತ್ತದೆ. ಬಸವಕಲ್ಯಾಣ ಸೀಮೆಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು 1865ರಲ್ಲಿ ಸಮಾಧಿಯಾದದ್ದು ಮಾಣಿಕನಗರದಲ್ಲಿ. ದತ್ತ ಜಯಂತಿಗೆ ಅಲ್ಲಿ ಸಂಗೀತ ದರ್ಬಾರು ನಡೆಯುತ್ತದೆ, ಪ್ರಭುಗಳ ಪದಗಳು ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತವೆ. ಅದು ದುರಂತದ ನೆನಪಲ್ಲ, ಗುರುವಿನ ನೆನಪು. ಆದರೂ ಕಲಿಯಬೇಕಾದದ್ದು ಇಲ್ಲಿದೆ. ದಿನ ಗೊತ್ತು, ಜಾಗ ಗೊತ್ತು, ಹಾಡುವವರಿಗೆ ಊಟ ಮತ್ತು ಮರ್ಯಾದೆ ಎರಡೂ ಉಂಟು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯದೂ ಅದೇ ಬಗೆ. ತಂದೆಯ ಯಜ್ಞದಲ್ಲಿ ಅವಮಾನಗೊಂಡು ಪ್ರಾಣ ಬಿಟ್ಟ ದಾಕ್ಷಾಯಿಣಿಯ ಕತೆಯನ್ನು ಪುರವಂತರು ಒಡಪು ಹೇಳಿ ಕುಣಿಯುವಾಗ, ವಾದ್ಯ ನಿಂತರೆ ಕತೆಯೂ ನಿಲ್ಲುತ್ತದೆ.

ವಾದ್ಯದಿಂದ ಅಪಾಯವಿಲ್ಲ ಎಂದಲ್ಲ. ನಗಾರಿ ಶೋಕಕ್ಕೂ ಬರುತ್ತದೆ, ಯುದ್ಧಕ್ಕೂ ಬರುತ್ತದೆ. ಹೈದರಾಬಾದ್ ಸಂಸ್ಥಾನದ ಮೇಲೆ 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಮುಸ್ಲಿಮರ ಹತ್ಯೆಗಳು ನಡೆದವು. ಕೇಂದ್ರ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದು. ಆ ವರದಿ ದಶಕಗಟ್ಟಲೆ ಕಡತದಲ್ಲೇ ಇತ್ತು. ಗೋರಟಾದ ಸಾವಿಗೆ ಬಡಿಯುವ ಹಲಗಿ ಈ ಸಾವುಗಳಿಗೂ ಬಡಿಯದಿದ್ದರೆ ಅದು ಶೋಕದ ವಾದ್ಯವಾಗಿ ಉಳಿಯದು, ಜಯಭೇರಿಯಾಗುತ್ತದೆ. ಯಾರದೋ ಬಾಗಿಲ ಮುಂದೆ ಡಿಜೆ ನಿಲ್ಲಿಸಿ ದನಿ ಏರಿಸುವ ಮೆರವಣಿಗೆಗಳನ್ನು ಕಂಡವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಮೊಹರಂ ಹಲಗಿಗೆ ಆ ಅಪಾಯ ತಟ್ಟದಿರಲು ಕಾರಣವಿದೆ: ಸತ್ತವರು ಒಂದು ಧರ್ಮದವರು, ಬಡಿಯುವ ಕೈ ಇನ್ನೊಂದು ಧರ್ಮದ್ದು.

ಹೀಗಾಗಿ ದುರಂತದ ಹೆಸರು, ತಾರೀಖು ಕೆತ್ತಿಸಿ, ಬೆಳ್ಳಿ ಕಟ್ಟಿಸಿ ಮಾಡುವ ವಿಶೇಷ ವಾದ್ಯ ಬಹುಪಾಲು ಕೆಟ್ಟ ಅಭಿರುಚಿಯೇ. ಸನ್ಮಾನಗಳಲ್ಲಿ ಮಂತ್ರಿಗಳಿಗೆ ಕೊಡುವ ತಂತಿಯಿಲ್ಲದ ಪುಟ್ಟ ವೀಣೆಯ ಸಾಲಿಗೆ ಅದು ಸೇರುತ್ತದೆ, ಶೋಕೇಸಿನಲ್ಲಿ ಧೂಳು ಹಿಡಿಯುತ್ತದೆ. ನುಡಿಸಿ ನುಡಿಸಿ ಸವೆಯುವ, ಹರಿದರೆ ಮತ್ತೆ ಬಿಗಿಸುವ ಸಾದಾ ವಾದ್ಯಕ್ಕೆ ಆ ಕಳಂಕವಿಲ್ಲ.

ಬಸವಕಲ್ಯಾಣದಲ್ಲಿ ಶರಣರ ನೆನಪಿನ ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು. 770 ಕಂಬಗಳ ಯೋಜನೆ, ಆಗಿನ ಅಂದಾಜು 500 ಕೋಟಿ ರೂಪಾಯಿ. ಅಷ್ಟು ದುಡ್ಡಿನ ಕಟ್ಟಡದ ಮೂಲೆಯಲ್ಲಿ ಒಂದು ಕೋಣೆ ವಾದ್ಯಗಳಿಗೆ ಇರಲಿ: ಕಿನ್ನರಿ, ಢಕ್ಕೆ, ಏಕತಾರಿ, ಹಲಗಿ. ಕೋಣೆಗೆ ಬೀಗ ಬೇಡ, ಕಲಿಸುವವರು ಬೇಕು. ಅವರಿಗೆ ತಿಂಗಳ ಸಂಬಳವಿರಲಿ, ಕಲಿಯಲು ಯಾವ ಜಾತಿಯ ಹುಡುಗ ಹುಡುಗಿಯರು ಬಂದರೂ ಕೈಗೆ ಕೋಲು ಸಿಗಲಿ. ಗೋರಟಾದ ಸ್ಮಾರಕಕ್ಕೂ ವರ್ಷಕ್ಕೊಂದು ಸಂಜೆ ಈ ತಂಡ ಹೋಗಲಿ, ಭಾಷಣವಿಲ್ಲದೆ ನುಡಿಸಲಿ, 1948ರಲ್ಲಿ ಸತ್ತ ಎಲ್ಲರ ಹೆಸರಿನಲ್ಲೂ ನುಡಿಸಲಿ. ಕಲ್ಯಾಣ ಕರ್ನಾಟಕ ಉತ್ಸವದ ಶಾಮಿಯಾನ, ಹಾರ, ಮೈಕಿನ ಖರ್ಚಿನಲ್ಲಿ ಒಂದಿಷ್ಟು ಕಡಿತ ಮಾಡಿದರೆ ಈ ಸಂಬಳ ಹೊರಡುತ್ತದೆ. ಜಿಲ್ಲಾಡಳಿತ ಇದನ್ನು ಆ ಉತ್ಸವದ ದಿನವಾದ ಸೆಪ್ಟೆಂಬರ್ 17ಕ್ಕೇ ಶುರು ಮಾಡಬಹುದು.