ಇಂಗ್ಲಿಷ್ ಮಾತಿಗೆ ಪಾತ್ರಾಭಿನಯ: ಶಿಕ್ಷಕರ ತರಬೇತಿ ಹೇಗಿರಬೇಕು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ, ನಾಡಿನ ಇತರೆಡೆಗಳಂತೆಯೇ, 2007-08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಗುತ್ತಿದೆ. ಆದರೂ ಹತ್ತು ವರ್ಷ ಕಲಿತ ಅನೇಕ ಮಕ್ಕಳು ಉದ್ಯೋಗದ ಸಂದರ್ಶನದಲ್ಲಿ ಮೌನಕ್ಕೆ ಶರಣಾಗುತ್ತಾರೆ.

ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿನ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ ಮೀಸಲು. ಬರಹಕ್ಕೆ ಬೆಲೆಯಿರುವಲ್ಲಿ ಮಾತು ಹಿಂದುಳಿಯುವುದು ಸಹಜ. ಜೊತೆಗೆ, ತಪ್ಪಿದರೆ ಸಹಪಾಠಿಗಳು ನಕ್ಕಾರೆಂಬ ಅಳುಕು.

ಪಾತ್ರಾಭಿನಯ ಈ ಅಳುಕನ್ನು ಸಡಿಲಿಸುತ್ತದೆ. ಮಗು ಸಂತೆಯ ವ್ಯಾಪಾರಿಯೋ, ಬಸ್ ನಿರ್ವಾಹಕನೋ ಆದಾಗ ತಪ್ಪು ಪಾತ್ರದ್ದಾಗುತ್ತದೆ, ಕಲಿತ ಮಾತು ಮಗುವಿನದಾಗುತ್ತದೆ. ಬಯಲಾಟ ಕಂಡ ಈ ಸೀಮೆಗೆ ಪಾತ್ರಧಾರಣೆ ಹೊಸದೇನಲ್ಲ. ಆದರೆ ಕಂಠಪಾಠದ ಸಂಭಾಷಣೆ ಒಪ್ಪಿಸಿದರೆ ಸಾಲದು; ಎದುರಿನವರ ಪ್ರಶ್ನೆಗೆ ಆ ಕ್ಷಣವೇ ಉತ್ತರ ಹುಡುಕುವುದೇ ಅದರ ಸತ್ವ.

ಆದ್ದರಿಂದ ತರಬೇತಿಯಲ್ಲಿ ಉಪನ್ಯಾಸಕ್ಕಿಂತ ಶಿಕ್ಷಕರೇ ಪಾತ್ರ ವಹಿಸಿ ಮಾತನಾಡುವುದು ಮುಖ್ಯ. ಬೆಂಗಳೂರಿನಲ್ಲಿ 1963ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರಿಗೆ ತರಬೇತಿ ನೀಡುತ್ತದೆ. ಅಂಥ ಅಭ್ಯಾಸ ಕ್ಲಸ್ಟರ್ ಸಭೆಗಳಲ್ಲೂ ಮುಂದುವರಿಯಲಿ. ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಮಾತಿಗೆ ಖಚಿತ ಪಾಲು ಸಿಗಲಿ. ಪಾಲಕರಾದ ಸದ್ಭಕ್ತರು ಶಾಲೆಗೆ ಹೋದಾಗ ಮಗುವಿನ ಅಂಕಗಳ ಜೊತೆಗೆ ಮಾತಿನ ಪ್ರಗತಿಯನ್ನೂ ವಿಚಾರಿಸಲಿ ಎಂಬುದು ನಮ್ಮ ಆಶಯ.