ಪರದೆಯ ಬದನೆಕಾಯಿ ನಮ್ಮ ಮಕ್ಕಳಿಗೆ ಮಾತ್ರವೇ?

ಶಾಲೆಗಳಿಗೆ ಇನ್ನು ರಸಾಯನಶಾಸ್ತ್ರದ ಪ್ರಯೋಗಶಾಲೆ ಬೇಕಿಲ್ಲ, ಕಂಪ್ಯೂಟರಿನ ಪರದೆಯೊಂದಿದ್ದರೆ ಸಾಕು ಎನ್ನುವ ಮಹಾಶಯರಿದ್ದಾರೆ. ಕಣ್ಣಿಗೆ ಒಂದು ಪೆಟ್ಟಿಗೆ ಕಟ್ಟಿಕೊಂಡರೆ ಹುಡುಗನು ಪ್ರಯೋಗಶಾಲೆಯೊಳಗೇ ನಿಂತಂತಾಗುವುದಂತೆ; ಕೈಯಾಡಿಸಿದರೆ ಗಾಜಿನ ನಳಿಗೆ ತಾನೇ ಏಳುವುದಂತೆ!

ಬಂಧುಗಳೇ, ಈ ಹೊಸ ವಿದ್ಯೆಯನ್ನು ನಾವು ಹಳಿಯಬೇಕಾಗಿಲ್ಲ. ಪೆಟ್ಟಿಗೆ ದುಬಾರಿಯಾದರೂ ಸಾಧಾರಣ ಕಂಪ್ಯೂಟರಿನಲ್ಲೇ ನಡೆಯುವ ಪ್ರಯೋಗಗಳಿವೆ. ನೊಬೆಲ್ ಪಾರಿತೋಷಕ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೇರಿಕದ ಕೊಲರಾಡೊದಲ್ಲಿ ಆರಂಭಿಸಿದ ‘ಫೆಟ್’ ಕಾಸಿಲ್ಲದೆ ಸಿಗುತ್ತದೆ. ನಮ್ಮಲ್ಲೂ ಸಿ-ಡ್ಯಾಕ್ ಮತ್ತು ಅಮೃತ ವಿಶ್ವವಿದ್ಯಾಪೀಠ ಸೇರಿ ‘ಓಲ್ಯಾಬ್ಸ್’ ಮಾಡಿವೆ. ಉಪ್ಪು ನೀರಿನಲ್ಲಿ ಕರಗುವಾಗ ಅದರ ಕಣಗಳು ಬಿಡಿಬಿಡಿಯಾಗುವುದನ್ನು ಯಾವ ಗಾಜಿನ ಪಾತ್ರೆಯೂ ತೋರಿಸದು, ಪರದೆ ತೋರಿಸುತ್ತದೆ.

ನಮ್ಮವರಿಗೆ ಇನ್ನೂ ದೊಡ್ಡ ಉಪಯೋಗವುಂಟು. ಮೋರಿ ತೊಳೆಯುವ ಹುಡುಗ ಬ್ಲೀಚಿಂಗ್ ಪೌಡರಿನ ಮೇಲೆ ಆಸಿಡ್ ಸುರಿದರೆ ಏಳುವುದು ಕ್ಲೋರಿನ್. 1915ರಲ್ಲಿ ಬೆಲ್ಜಿಯಮಿನ ಈಪ್ರ್ ರಣರಂಗದಲ್ಲಿ ಸಿಪಾಯಿಗಳನ್ನು ಕೊಂದ ಅನಿಲವೇ ಅದು. ನಾನು ದುಡಿದ ಹೊಟೇಲಿನಲ್ಲಿ ಎರಡೂ ಒಂದೇ ಮೂಲೆಯಲ್ಲಿರುತ್ತಿದ್ದವು. ಕೂಡಿಸಬೇಡಿರೆಂದು ಒಬ್ಬರೂ ಹೇಳಿದ್ದಿಲ್ಲ. ಇಂಥದ್ದನ್ನು ಮೋರಿಯ ಬಳಿ ಮಾಡಿ ಕಲಿಸುವಂತಿಲ್ಲ, ಪರದೆಯ ಮೇಲೆ ನೂರು ಸಲ ಕಲಿಸಬಹುದು.

ಆದರೆ ಪ್ರಶ್ನೆಯೇ ಬೇರೆ. ಈ ಪರದೆ ಯಾರಿಗೆ ಪ್ರಯೋಗಶಾಲೆಯ ಜತೆಗೆ, ಯಾರಿಗೆ ಪ್ರಯೋಗಶಾಲೆಯ ಬದಲಿಗೆ? ಹಣವಂತರ ಶಾಲೆಗೆ ಎರಡೂ ಬೇಕು. ಮುನಿಸಿಪಲ್ ಶಾಲೆಯ ಮಗುವಿಗೆ, ಪಾಳಿ ಮುಗಿಸಿ ರಾತ್ರಿ ಶಾಲೆಗೆ ಬರುವ ಹುಡುಗನಿಗೆ ಮಾತ್ರ ಪರದೆಯೊಂದೇ ಪ್ರಸಾದವೇ? ಪುಸ್ತಕದ ಬದನೆಕಾಯಿ ಹೋಗಿ ಪರದೆಯ ಬದನೆಕಾಯಿ ಬಂತು, ಅಷ್ಟೆ. ಇದೇ ಹುಡುಗ ನಾಳೆ 12ನೇ ತರಗತಿಯಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡರೆ ಮಹಾರಾಷ್ಟ್ರದಲ್ಲಿ 30 ಅಂಕ ಪ್ರಯೋಗಕ್ಕೇ ಇದೆ. ಆಸಿಡ್ಡಿಗೆ ಬ್ಯೂರೆಟ್ಟಿನಿಂದ ಕ್ಷಾರವನ್ನು ತೊಟ್ಟುತೊಟ್ಟಾಗಿ ಬಿಡಬೇಕು. ದ್ರವ ತಿಳಿಗುಲಾಬಿಯಾದೊಡನೆ ನಿಲ್ಲಿಸಬೇಕು. ಇನ್ನೆರಡು ತೊಟ್ಟು ಬಿತ್ತೋ, ಲೆಕ್ಕ ಕೆಟ್ಟಿತು. ತಿರುಪು ಎಷ್ಟು ತಿರುಗಿಸಬೇಕೆಂಬುದನ್ನು ಬೆರಳೇ ಕಲಿಯಬೇಕು. ಕಾವಲಿ ಕಾದಿದೆಯೋ ಎಂದು ನೀರು ಚಿಮುಕಿಸಿ ನೋಡುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ದೋಸೆಯ ಚಿತ್ರ ತೋರಿಸಿ ಭಟ್ಟರನ್ನು ತಯಾರಿಸಿದ ಮಾಲಕರನ್ನು ನಾನಂತೂ ಕಂಡಿಲ್ಲ!

ಪರದೆ ಬರಲಿ, ಕನ್ನಡದಲ್ಲೇ ಬರಲಿ. ಅದರ ಹೆಸರು ಹೇಳಿ ಬ್ಯೂರೆಟ್ಟು, ಆಸಿಡ್, ಪ್ರಯೋಗಶಾಲೆಯ ಸಹಾಯಕನ ಸಂಬಳ ಇವುಗಳನ್ನು ಖರ್ಚಿನ ಪಟ್ಟಿಯಿಂದ ಹೊಡೆದುಹಾಕುವುದಾದರೆ ನಾವು ಸುಮ್ಮನಿರಲಾರೆವು. ನಿಮ್ಮ ಮಕ್ಕಳ ಶಾಲೆಯಲ್ಲಿ ಈ ವರ್ಷ ಪ್ರಯೋಗಶಾಲೆಯ ಬಾಗಿಲು ಎಷ್ಟು ಸಲ ತೆರೆಯಿತೆಂದು ಹೋಗಿ ಕೇಳಿರಿ. ಉತ್ತರವನ್ನು ಬರಹದಲ್ಲಿ ಪಡೆದು ಸಂಘದ ಕಚೇರಿಗೆ ತಲುಪಿಸಿರಿ.